ಹಿತ್ತಲಲ್ಲಿ ಕೋಯಿ ಕೊಳ: ಹೊಂಗೆ ಮರದ ಕೆಳಗೆ ಬೇಡ

ಪ್ರಶ್ನೆ: ಸರ್, ನಮ್ಮದು ಜೆ.ಪಿ. ನಗರ, ಪೂರ್ವ ಬಾಗಿಲ ಮನೆ. ಹಿತ್ತಲು 20 ಅಡಿ ಇದೆ. ಹಿಂದಿನ ಮೂಲೆಯಲ್ಲಿ ದೊಡ್ಡ ಹೊಂಗೆ ಮರ, ಮಳೆ ಬಂದರೆ ನೀರೆಲ್ಲ ಅಲ್ಲಿಗೇ ಬರುತ್ತದೆ, ಹೇಗೂ ತಗ್ಗು ಇದೆ ಅಂತ ಅಲ್ಲೇ ಕೋಯಿ (ಜಪಾನಿನ ಬಣ್ಣದ ಮೀನು) ಕೊಳ ತೋಡಿಸೋಣ ಅಂದುಕೊಂಡಿದ್ದೇವೆ. ಅತ್ತೆ ಈಶಾನ್ಯದಲ್ಲೇ ಆಗಬೇಕು ಅನ್ನುತ್ತಾರೆ, ಆದರೆ ಅಲ್ಲಿ ಸಂಪು ಇದೆ. ಏನು ಮಾಡೋದು?

ಉತ್ತರ (ಕೊಳ ಕಟ್ಟುವ ಕೆಲಸ ನನ್ನದು): ಮೇಡಂ, ಆ ಮೂಲೆ ಖಂಡಿತ ಬೇಡ. ಹೊಂಗೆ ಬೀಜ, ಬೇರು ಮೀನಿಗೆ ವಿಷ. ಹಿಂದೆ ಇದನ್ನೇ ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುತ್ತಿದ್ದರು. ಅದು ಬಿಟ್ಟರೂ ಬೇಸಿಗೆಯಲ್ಲಿ ಹೂವು ಅರಳು ಚೆಲ್ಲಿದ ಹಾಗೆ ಉದುರುತ್ತದೆ, ಎಲ್ಲ ತಳದಲ್ಲಿ ಕೊಳೆತು ನೀರು ಕೆಡುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ತಗ್ಗು ಅನ್ನೋದು ಅದಕ್ಕಿಂತ ದೊಡ್ಡ ತೊಂದರೆ. ಸೆಪ್ಟೆಂಬರ್, ಅಕ್ಟೋಬರ್ ಮಳೆ ನೋಡಿದ್ದೀರಲ್ವಾ, ಗಿಡಕ್ಕೆ ಹಾಕಿದ ಗೊಬ್ಬರ, ಔಷಧಿ, ಅಂಗಳದ ಸಿಮೆಂಟ್ ಪುಡಿ ಎಲ್ಲ ಹರಿದು ಕೊಳಕ್ಕೇ ಇಳಿಯುತ್ತದೆ, ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಮೀನು ತೇಲುತ್ತಿರುತ್ತವೆ. ಎತ್ತರದ ಜಾಗ ಆರಿಸಿ. ಅಂಚನ್ನು ನೆಲದಿಂದ ಅರ್ಧ ಅಡಿಯಾದರೂ ಮೇಲೆ ಎತ್ತಿಸಿ.

ಆದರೆ ಮರ ಕಡಿಸಬೇಡಿ, ಅದು ನಿಮಗೆ ಉಪಯೋಗಕ್ಕೇ ಬರುತ್ತದೆ. ಹಿತ್ತಲು ಪಶ್ಚಿಮಕ್ಕಿದೆ, ಅಂದರೆ ಮಧ್ಯಾಹ್ನದ ಸುಡು ಬಿಸಿಲು ನೇರ ಬೀಳುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಪಾಚಿ ಜಾಸ್ತಿ. ಸಂಜೆ ಹೊತ್ತಿಗೆ ಮರದ ನೆರಳು ಮನೆ ಕಡೆ ಚಾಚುತ್ತದೆ. ಆ ನೆರಳು ಸಿಗಬೇಕು, ಕೊಂಬೆ ಮಾತ್ರ ಮೇಲೆ ಬರಬಾರದು. ಅಡುಗೆಮನೆ ಕಿಟಕಿಯ ಎದುರು, ಪಾಯದಿಂದ ನಾಲ್ಕೈದು ಅಡಿ ಬಿಟ್ಟು ನೋಡಿ. ದಿನಕ್ಕೆ ಮೂರು ನಾಲ್ಕು ಗಂಟೆ ಬಿಸಿಲು ಸಾಕು. ಕಿಟಕಿ ಯಾಕೆ ಅಂದರೆ, ಮೀನು ಮೂಲೆ ಹಿಡಿದರೆ, ಮೇಲೆ ಬಂದು ಬಾಯಿ ಬಡಿದರೆ ಕೂಡಲೇ ಕಣ್ಣಿಗೆ ಬೀಳಬೇಕು. ಪಂಪಿಗೆ ಕರೆಂಟೂ ಅಲ್ಲಿಂದಲೇ ಸಿಗುತ್ತದೆ, ಯುಪಿಎಸ್ ಲೈನಿಗೇ ಕೊಡಿಸಿ.

ಇನ್ನು ಈಶಾನ್ಯ. ಸಂಪಿನ ಪಕ್ಕ ಅಗೆಯುವುದು ಬೇಡ, ಗೋಡೆ ಬಿರುಕು ಬಿಟ್ಟರೆ ಕೊಳದ ನೀರು ಕುಡಿಯೋ ನೀರಿಗೆ ಸೇರುತ್ತದೆ. ಇದನ್ನೇ ಹೇಳಿ, ಅತ್ತೆ ಒಪ್ಪುತ್ತಾರೆ. ಬೇಕಿದ್ದರೆ ಹಿತ್ತಲಿನೊಳಗೇ ಈಶಾನ್ಯದ ಕಡೆಗೆ ಸರಿಸಿ.

ಪ್ರಶ್ನೆ: ಆಳ ಎಷ್ಟು ಸರ್? ಹದ್ದು, ಕೊಕ್ಕರೆ ಕಾಟ ಜಾಸ್ತಿ ಇಲ್ಲಿ.

ಉತ್ತರ: 4 ಅಡಿ ಇರಲಿ. ಗೋಡೆ ನೇರ ಇಳಿಯಲಿ, ಮೆಟ್ಟಿಲು ಬೇಡ, ಕೊಕ್ಕರೆಗೆ ಕಾಲೂರಲು ಜಾಗ ಸಿಗಬಾರದು. ಹದ್ದಿಗೆ, ಮಿಂಚುಳ್ಳಿಗೆ ಮೇಲೆ ನೈಲಾನ್ ಬಲೆ ಕಟ್ಟಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸುತ್ತ ಬೇಲಿ ಹಾಕಿಸದೆ ನೀರು ತುಂಬಲೇಬೇಡಿ.

ಇನ್ನೊಬ್ಬರು: ನಮ್ಮದು 30-40 ಸೈಟು, ಹಿತ್ತಲೇ ಇಲ್ಲ. ಟೆರೇಸ್ ಮೇಲೆ ಆಗುತ್ತಾ ಅಣ್ಣ?

ಉತ್ತರ: 1000 ಲೀಟರ್ ನೀರು ಅಂದರೆ 1 ಟನ್ ಭಾರ. 10 ಅಡಿ ಉದ್ದ, 6 ಅಡಿ ಅಗಲ, 4 ಅಡಿ ಆಳದ ಕೊಳದಲ್ಲಿ ಸುಮಾರು 6800 ಲೀಟರ್ ನಿಲ್ಲುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಬರೆದುಕೊಡದೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ಚಿಕ್ಕ ತೊಟ್ಟಿ ಸಾಕು ಅನ್ನುವುದಾದರೆ ಗಪ್ಪಿ ಸಾಕಿ. ಕೋಯಿ 2 ಅಡಿವರೆಗೂ ಬೆಳೆಯುವ ಮೀನು, ಸುಮ್ನೆ ತೊಟ್ಟಿಗೆ ಹಾಕಿ ಹಿಂಸೆ ಕೊಡಬೇಡಿ.