‘ಅಸಂಘಟಿತ ಸಮುದಾಯ’ ಸರಿಯೇ? ಮಜರೆ, ಬೇಚರಾಕ್ ಹೊಂದುತ್ತವೆಯೇ?

ಅಮೆರಿಕದ ಊರುಗಳ ಬಗ್ಗೆ ಬರುವ ಕನ್ನಡ ಬರಹಗಳಲ್ಲಿ ‘ಅನ್‌ಇನ್‌ಕಾರ್ಪೊರೇಟೆಡ್ ಕಮ್ಯುನಿಟಿ’ ಅನ್ನುವುದು ‘ಅಸಂಘಟಿತ ಸಮುದಾಯ’ ಆಗಿಬಿಡುತ್ತದೆ. ಎರಡೂ ಪದ ತಪ್ಪು. ‘ಅಸಂಘಟಿತ’ ಅಂದ ಕೂಡಲೇ ನಮಗೆ ಹೊಳೆಯುವುದು ಗಾರೆ ಕೆಲಸದವರು, ಬೀಡಿ ಕಟ್ಟುವವರು. ‘ಸಮುದಾಯ’ ಅಂದರೆ ಜಾತಿ, ಮತ. ಅಲ್ಲಿರುವುದು ಬರೀ ಒಂದು ಊರು. ಅದಕ್ಕೆ ತನ್ನದೇ ಪುರಸಭೆ ಇಲ್ಲ, ಅಷ್ಟೆ.

ಕ್ಯಾಲಿಫೋರ್ನಿಯಾದ ಬೊಲಿನಾಸ್ ನೋಡಿ. ಮರಿನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಕಡಲಂಚಿನ ಊರು. ಮೇಯರ್ ಇಲ್ಲ, ಕೌನ್ಸಿಲ್ ಇಲ್ಲ; ಪೊಲೀಸ್ ಕೆಲಸ ಕೌಂಟಿ ಶೆರಿಫ್‌ನದು, ಕಟ್ಟಡದ ಪರವಾನಗಿ ಕೌಂಟಿಯದು. ನೀರು, ಒಳಚರಂಡಿಗೆ ಊರವರೇ ಆರಿಸುವ ಮಂಡಳಿಯುಂಟು. 1971ರಲ್ಲಿ ಹೊಸ ನೀರಿನ ಮೀಟರ್ ಕೊಡುವುದು ನಿಂತಿತು. ಖಾಲಿ ನಿವೇಶನ ಇದ್ದರೂ ಮೀಟರ್ ಇಲ್ಲದೆ ಮನೆ ಏಳುವುದು ಕಷ್ಟ, ಹಾಗಾಗಿ ಊರು ಹೆಚ್ಚು ಬೆಳೆಯಲಿಲ್ಲ. ಹೆದ್ದಾರಿಯಲ್ಲಿ ತಮ್ಮೂರಿಗೆ ದಾರಿ ತೋರುವ ಫಲಕವನ್ನು ನಿವಾಸಿಗಳು ಮತ್ತೆ ಮತ್ತೆ ಕಿತ್ತುಹಾಕಿದ್ದೂ ಪ್ರಸಿದ್ಧವೇ. ಇಷ್ಟು ಒಗ್ಗಟ್ಟಿನ ಜನರನ್ನು ಅಸಂಘಟಿತರು ಎನ್ನಲಾದೀತೆ?

ಬದಲಿ ಪದವಾಗಿ ನಮ್ಮ ‘ಮಜರೆ’ ಹತ್ತಿರದ್ದೆಂದು ತೋರುತ್ತದೆ. ಅರಬ್ಬಿಯಲ್ಲಿ ಬಿತ್ತುವ ನೆಲ. ಇಲ್ಲಿ ಕಂದಾಯ ಗ್ರಾಮದ ಎಲ್ಲೆಯೊಳಗಿನ ಉಪಗ್ರಾಮ. ಎಷ್ಟೋ ಹಟ್ಟಿ, ತಾಂಡಾ, ದೊಡ್ಡಿಗಳು ಹೀಗೇ ಇವೆ. ಪಹಣಿ ತೆಗೆಸಿದರೆ ಗ್ರಾಮ ಅನ್ನುವ ಕಡೆ ಮೂಲ ಗ್ರಾಮದ ಹೆಸರು. ತಾಂಡಾದ ಹೆಸರೇ ಇರುವುದಿಲ್ಲ. ಮನೆ ನಿಂತಿರುವುದು ಬೇರೆಯವರ ಹೊಲದ ಸರ್ವೆ ನಂಬರಿನಲ್ಲೋ ಸರ್ಕಾರಿ ಜಾಗದಲ್ಲೋ ಆದರೆ ಹಕ್ಕುಪತ್ರವಿಲ್ಲ, ಬ್ಯಾಂಕಿನಲ್ಲಿ ಅಡವಿಡಲು ಬರುವುದಿಲ್ಲ. ಖಾಸಗಿ ಜಮೀನಿನ ಮೇಲಿನ ಇಂಥ ಮನೆಗಳಿಗಾಗಿಯೇ ಭೂಸುಧಾರಣಾ ಕಾಯ್ದೆಗೆ 38-ಎ ಕಲಂ ಸೇರಿತು. 2023ರ ಜನವರಿಯಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ತಾಂಡಾಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟದ್ದು ಈ ಕೊರತೆ ನೀಗಲೆಂದೇ.

ಆದರೆ ಮಜರೆಗೆ ಗ್ರಾಮ ಪಂಚಾಯಿತಿ ಇದೆ, ಇಲ್ಲದ್ದು ನೆಲದ ದಾಖಲೆ. ಬೊಲಿನಾಸ್‌ನಲ್ಲಿ ನೆಲದ ದಾಖಲೆ ಇದೆ, ಇಲ್ಲದ್ದು ಊರಾಡಳಿತ. ಹಾಗಾಗಿ ಮಜರೆ ಬೇಡ. ‘ಬೇಚರಾಕ್’ ಅಂತೂ ಬೇಡವೇ ಬೇಡ: ಪಾರಸಿಯ ಬೇ-ಚಿರಾಗ್, ದೀಪವಿಲ್ಲದ್ದು. ನಕ್ಷೆ, ಸರ್ವೆ ನಂಬರು, ಎಲ್ಲೆಕಲ್ಲು ಎಲ್ಲ ಇದ್ದು ಜನವಸತಿ ಇಲ್ಲದ ಗ್ರಾಮ ಅದು.

ಮೊದಲ ಸಲ ‘ಪುರಸಭೆ ಇಲ್ಲದ, ಕೌಂಟಿ ಆಡಳಿತದ ಊರು’ ಎಂದು ಬಿಡಿಸಿ ಬರೆದು, ಮುಂದೆ ಬರೀ ‘ಊರು’ ಅಂದರೆ ಸಾಕು. ‘ಹಳ್ಳಿ’ ಅನ್ನಬೇಡಿ, ಲಾಸ್ ವೇಗಾಸ್ ಸ್ಟ್ರಿಪ್‌ನ ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಬಹುಪಾಲು ಇರುವ ಪ್ಯಾರಡೈಸ್ ಕೂಡ ಇಂಥದೇ ಊರು.