ಏನೂ ಹಚ್ಚದಿದ್ದರೂ ಮೀಟರ್ ಓಡುತ್ತಿದೆ, ಕರೆಂಟ್ ತಿನ್ನುತ್ತಿರುವುದು ಯಾವುದು?

ನವನಗರ, ಹುಬ್ಬಳ್ಳಿ:
ನಮಸ್ಕಾರ ರೀ. ಗೃಹಜ್ಯೋತಿಯಲ್ಲಿ ನಮಗೆ ಸಿಗುವುದು 104 ಯೂನಿಟ್ (2022-23ರ ಸರಾಸರಿ 95, ಅದರ ಮೇಲೆ ಶೇ 10). ಈಗ ಪ್ರತಿ ತಿಂಗಳು 120 ದಾಟುತ್ತಿದೆ, ಮೇಲಿನದಕ್ಕೆ ದುಡ್ಡು ಕಟ್ಟುತ್ತಿದ್ದೇವೆ. ಹೋದ ವರ್ಷ ಇನ್ವರ್ಟರ್, ವೈಫೈ ಬಂದವು, ಅಷ್ಟೇ. ಮೊನ್ನೆ ಬನಶಂಕರಿ ಜಾತ್ರೆಗೆ ಅಂತ ಎರಡು ದಿನ ಬಾದಾಮಿಗೆ ಹೋಗಿದ್ದೆವು. ಫ್ರಿಜ್ ಖಾಲಿ ಮಾಡಿ ಬಂದ್ ಮಾಡಿದ್ದೆ, ಲೈಟು ಫ್ಯಾನು ಎಲ್ಲ ಬಂದ್. ಬಂದು ನೋಡಿದರೆ ಎರಡೂವರೆ ಯೂನಿಟ್‌ಗಿಂತ ಜಾಸ್ತಿ ಓಡಿದೆ! ಮೊಬೈಲ್ ಚಾರ್ಜರ್ ಸಾಕೆಟ್‌ನಲ್ಲೇ ಬಿಡ್ತೀವಿ, ಅದೇ ಕಾರಣನಾ?

ಬೆಟಗೇರಿ:
ಚಾರ್ಜರ್ ಅಲ್ಲ ರೀ. ಫೋನ್ ಇಲ್ಲದ ಚಾರ್ಜರ್ ಒಂದು ವ್ಯಾಟ್ ಕೂಡ ಎಳೆಯುವುದಿಲ್ಲ. ಟಿವಿ ಕೆಳಗಿನ ಸೆಟ್‌ಟಾಪ್ ಬಾಕ್ಸ್ ಮೇಲೆ ಕೈ ಇಟ್ಟು ನೋಡಿ. ನಮ್ಮದು ಬೆಳಗ್ಗೆ ಐದಕ್ಕೂ ಬೆಚ್ಚಗೇ ಇತ್ತು, ರಾತ್ರಿಯಿಂದ ಯಾರೂ ಟಿವಿ ನೋಡಿರಲಿಲ್ಲ. ರಿಮೋಟಿನಲ್ಲಿ ಆರಿಸಿದರೆ ದೀಪದ ಬಣ್ಣ ಬದಲಾಗುತ್ತದೆ, ಒಳಗೆ ಅದು ಎಚ್ಚರವಾಗಿಯೇ ಇರುತ್ತದೆ. ಹತ್ತು ವ್ಯಾಟ್ ಹಗಲೂ ರಾತ್ರಿ ಉರಿದರೆ ತಿಂಗಳಿಗೆ 7 ಯೂನಿಟ್ ಆಯ್ತಲ್ವಾ? ಮಲಗುವಾಗ ಗೋಡೆಯ ಸ್ವಿಚ್ಚೇ ಆರಿಸಿ.

ಧಾರವಾಡ, ಕಲ್ಯಾಣನಗರ:
ಸುಮ್ನೆ ಊಹೆ ಮಾಡುವುದಕ್ಕಿಂತ ಮೀಟರನ್ನೇ ಕೇಳಿ. ಅದರಲ್ಲಿ ಕೆಂಪು ದೀಪ ಮಿಟುಕುತ್ತದೆ, ಪಕ್ಕದಲ್ಲಿ 3200 ಅಂತಲೋ ಬೇರೆ ಸಂಖ್ಯೆಯೋ ಇರುತ್ತದೆ. ಅಷ್ಟು ಸಲ ಮಿಟುಕಿದರೆ ಒಂದು ಯೂನಿಟ್. ಫ್ರಿಜ್ ಬಂದ್ ಮಾಡಿ, ಉಳಿದದ್ದನ್ನು ರಾತ್ರಿ ಬಿಡುವ ಹಾಗೇ ಬಿಟ್ಟು ಹತ್ತು ನಿಮಿಷ ಎಣಿಸಿ. ಆಮೇಲೆ ಒಂದೊಂದೇ ಆರಿಸುತ್ತಾ ಮತ್ತೆ ಎಣಿಸಿ. ಎಣಿಕೆ ಮುಗಿದ ಮೇಲೆ ಫ್ರಿಜ್ ಹಚ್ಚುವುದು ಮರೆಯಬೇಡಿ.

ನವನಗರ, ಹುಬ್ಬಳ್ಳಿ:
ಎಣಿಸಿದೆ ರೀ! ನಮ್ಮ ಮೀಟರೂ 3200. ಹತ್ತು ನಿಮಿಷಕ್ಕೆ 30 ಸಲ. ಲೆಕ್ಕ ಹಾಕಿದರೆ ತಿಂಗಳಿಗೆ 40 ಯೂನಿಟ್, ಯಾರಿಗೂ ಉಪಯೋಗ ಇಲ್ಲದ್ದು! ಇನ್ವರ್ಟರ್ ಪ್ಲಗ್ ತೆಗೆದೆ, 14ಕ್ಕೆ ಇಳಿಯಿತು. ಬಾಕ್ಸ್ ಆರಿಸಿದೆ, 6. ಉಳಿದದ್ದು ವೈಫೈ, ಟಿವಿ. ಹಾಗಾದರೆ ಇನ್ವರ್ಟರ್ ಬಂದ್ ಮಾಡಿಯೇ ಇಡಲಾ?

ರಾಣೆಬೆನ್ನೂರು:
ಬೇಡ ಅಣ್ಣಾ. ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಬಿಟ್ಟರೆ ಬ್ಯಾಟರಿ ಕೆಡುತ್ತದೆ. ಬ್ಯಾಟರಿ ತುಂಬಿದ ಮೇಲೂ ಅಷ್ಟು ಎಳೆಯುತ್ತಿದೆ ಅಂದರೆ ಮೊದಲು ಅದರ ನೀರು ನೋಡಿ. ಬ್ಯಾಟರಿ ಹಳೆಯದಾದರೂ ಹೀಗೇ, ಎಷ್ಟು ಕೊಟ್ಟರೂ ಸಾಲುವುದಿಲ್ಲ, ಬಿಸಿಯಾಗುತ್ತದೆ. ಡಿಸ್ಟಿಲ್ಡ್ ವಾಟರೇ ಹಾಕಿ, ನಲ್ಲಿ ನೀರು ಬೇಡವೇ ಬೇಡ.

ನವನಗರ, ಹುಬ್ಬಳ್ಳಿ:
ನೋಡಿದೆ. ಎರಡು ಮುಚ್ಚಳದಲ್ಲಿ ತೇಲುಕಡ್ಡಿ ಪೂರ್ತಿ ಕೆಳಗೆ ಹೋಗಿತ್ತು. ಡಿಸ್ಟಿಲ್ಡ್ ವಾಟರ್ ಹಾಕಿದೀನಿ, ವಾರ ಬಿಟ್ಟು ಮತ್ತೆ ಎಣಿಸಿ ಇಲ್ಲೇ ಬರೀತೀನಿ. ಬಾಕ್ಸ್ ಸ್ವಿಚ್ ಅಪ್ಪಾಜಿಗೆ ಒಪ್ಪಿಸಿದೀನಿ. ಬೆಳಗ್ಗೆ ಚಾನೆಲ್ ಬರುವುದು ತಡ ಅಂತ ಗೊಣಗುತ್ತಾರೆ, ಆದರೂ ನಿನ್ನೆ ರಾತ್ರಿ ಮರೆಯದೆ ಆರಿಸಿದ್ದರು.