ಸಂಘದ ಇಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆ: ಡೊಮೇನ್ ದಾಖಲೆಗಳ ಬಗ್ಗೆ ಅನುಭವ ತಿಳಿಸಿ

ಪ್ರಶ್ನೆ: ನಮ್ಮ ಸಹಕಾರ ಸಂಘವು ಸ್ವಂತ ಡೊಮೇನ್‌ನಿಂದ (ಇಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ಕಳುಹಿಸುವ ಮಹಾಸಭೆಯ ನೋಟಿಸುಗಳು ಸದಸ್ಯರ ಜಿಮೇಲ್‌ನಲ್ಲಿ ಸ್ಪ್ಯಾಮ್‌ಗೆ ಸೇರುತ್ತಿವೆ. ಜೊತೆಗೆ ಕಾರ್ಯದರ್ಶಿಯವರ ಹೆಸರಿನಲ್ಲಿ ಯಾರೋ ಹಣ ಕೇಳಿ ನಕಲಿ ಮೇಲ್ ಕಳುಹಿಸಿದ್ದಾರೆ. ಎಸ್‌ಪಿಎಫ್ ದಾಖಲೆ ಹಾಕಿದ್ದೇವೆ. ಇನ್ನೇನು ಮಾಡಬೇಕು?

ಉತ್ತರ 1: ಎಸ್‌ಪಿಎಫ್ ಒಂದೇ ಸಾಲದು ಸರ್. ನಿಮ್ಮ ಡೊಮೇನ್ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳುಹಿಸಬಹುದು ಎಂಬ ಪಟ್ಟಿಯನ್ನು ಅದು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್‌ನ ಸಾರ್ವಜನಿಕ ದಾಖಲೆಗಳಲ್ಲಿ, ಪ್ರಕಟಿಸುತ್ತದೆ, ನಿಜ. ಆದರೆ ಸ್ವೀಕರಿಸುವ ಸರ್ವರ್ ಆಗ ಪರೀಕ್ಷಿಸುವುದು ತಲುಪದ ಮೇಲ್ ಹಿಂದಿರುಗಬೇಕಾದ ವಿಳಾಸವನ್ನೇ ಹೊರತು ಓದುವವರ ಕಣ್ಣಿಗೆ ಬೀಳುವ ‘ಫ್ರಮ್’ ವಿಳಾಸವನ್ನಲ್ಲ. ಹೀಗಾಗಿ ವಂಚಕನು ತನ್ನ ಡೊಮೇನ್‌ಗೆ ಸರಿಯಾದ ಎಸ್‌ಪಿಎಫ್ ಇಟ್ಟುಕೊಂಡು, ‘ಫ್ರಮ್’ ಜಾಗದಲ್ಲಿ ನಿಮ್ಮ ಕಾರ್ಯದರ್ಶಿಯವರ ವಿಳಾಸ ಬರೆದರೂ ಆ ಪರೀಕ್ಷೆ ಪಾಸಾಗುತ್ತದೆ. ಈ ಕಿಂಡಿಯನ್ನು ಮುಚ್ಚುವುದು ಡಿಮಾರ್ಕ್. ಎಸ್‌ಪಿಎಫ್ ಅಥವಾ ಡಿಕಿಮ್‌ನಲ್ಲಿ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಪಾಸಾದ ಡೊಮೇನ್ ‘ಫ್ರಮ್’ನಲ್ಲಿರುವ ಡೊಮೇನ್‌ಗೆ ಹೊಂದಲೇಬೇಕೆಂದು ಅದು ಕೇಳುತ್ತದೆ, ಹೊಂದದಿದ್ದರೆ ಸ್ಪ್ಯಾಮ್‌ಗೆ ಹಾಕಬೇಕೋ ತಿರಸ್ಕರಿಸಬೇಕೋ ಎಂಬುದನ್ನು ನೀವೇ ಸೂಚಿಸಬಹುದು.

ಡಿಕಿಮ್ ಅನ್ನು ಬಿಡಬೇಡಿ. ಕಳುಹಿಸುವ ಸರ್ವರ್ ಖಾಸಗಿ ಕೀಲಿಯಿಂದ ಮೇಲ್‌ಗೆ ಸಹಿ ಹಾಕುತ್ತದೆ, ಆ ಸಹಿಯನ್ನು ಡಿಎನ್‌ಎಸ್‌ನಲ್ಲಿರುವ ಸಾರ್ವಜನಿಕ ಕೀಲಿಯಿಂದ ಪರೀಕ್ಷಿಸಲಾಗುತ್ತದೆ. ಸದಸ್ಯರೊಬ್ಬರು ಕಚೇರಿಯ ವಿಳಾಸದಿಂದ ಜಿಮೇಲ್‌ಗೆ ತಾನಾಗಿ ಫಾರ್ವರ್ಡ್ ಆಗುವಂತೆ ಇಟ್ಟಿದ್ದರೆ ಎಸ್‌ಪಿಎಫ್ ಸಾಮಾನ್ಯವಾಗಿ ಅಲ್ಲಿಯೇ ಸೋಲುತ್ತದೆ. ದಾರಿಯಲ್ಲಿ ಯಾರೂ ತಿದ್ದದಿದ್ದರೆ ಡಿಕಿಮ್ ಸಹಿ ಮಾತ್ರ ಉಳಿಯುತ್ತದೆ.

ಉತ್ತರ 2: ಸ್ಪ್ಯಾಮ್‌ಗೆ ಹೋದ ನೋಟಿಸನ್ನು ಜಿಮೇಲ್‌ನಲ್ಲಿ ತೆರೆದು ‘ಶೋ ಒರಿಜಿನಲ್’ ಒತ್ತಿ ನೋಡಿ; ಮೂರೂ ಪರೀಕ್ಷೆಗಳ ಫಲಿತಾಂಶ ಮೇಲ್ಭಾಗದಲ್ಲಿಯೇ ಇರುತ್ತದೆ. ಹಳೆಯ ಹೋಸ್ಟಿಂಗ್‌ನವರದೊಂದು, ಹೊಸಬರದೊಂದು ಎಂದು ಎರಡು ಎಸ್‌ಪಿಎಫ್ ದಾಖಲೆಗಳಿದ್ದರೆ ಪರೀಕ್ಷೆಯೇ ದೋಷವೆಂದು ನಿಲ್ಲುತ್ತದೆ, ಆದ್ದರಿಂದ ಎರಡನ್ನೂ ಒಂದೇ ಸಾಲಿಗೆ ಸೇರಿಸಬೇಕು. ಆ ಸಾಲು ಕೇಳುವ ಡಿಎನ್‌ಎಸ್ ಹುಡುಕಾಟಗಳು 10ನ್ನು ಮೀರಬಾರದು. 2024ರ ಫೆಬ್ರವರಿಯಿಂದ ಜಿಮೇಲ್, ದಿನಕ್ಕೆ 5000ಕ್ಕೂ ಹೆಚ್ಚು ಮೇಲ್ ಕಳುಹಿಸುವವರಿಗೆ ಮೂರನ್ನೂ ಕಡ್ಡಾಯ ಮಾಡಿದೆ. ನಿಮ್ಮಂಥ ಸಣ್ಣ ಸಂಸ್ಥೆಗೂ ಮೂರೂ ಇರುವುದೇ ಕ್ಷೇಮ.

ಉತ್ತರ 3: ಡಿಮಾರ್ಕ್ ಹಾಕಿದ ಕೂಡಲೇ ‘ರಿಜೆಕ್ಟ್’ (ತಿರಸ್ಕರಿಸು) ಇಡಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ. ಮೊದಲು ‘ನನ್’ (none, ಅಂದರೆ ಯಾವ ಕ್ರಮವೂ ಬೇಡ) ಎಂದಿಟ್ಟು, ಸ್ವೀಕರಿಸುವ ಸರ್ವರ್‌ಗಳಿಂದ ವರದಿಗಳನ್ನು ತರಿಸಿಕೊಳ್ಳಿ. ನಾನು ನೋಡಿಕೊಳ್ಳುವ ಶಾಲೆಯೊಂದರ ಡೊಮೇನ್‌ನಲ್ಲಿ, ಶುಲ್ಕದ ರಸೀದಿಗಳನ್ನು ಕಳುಹಿಸುವ ಹೊರಗಿನ ಸೇವೆ ಶಾಲೆಯ ಹೆಸರಿನಲ್ಲಿ ಸಹಿಯನ್ನೇ ಹಾಕುತ್ತಿಲ್ಲವೆಂಬುದು ಆ ವರದಿಗಳಿಂದಲೇ ತಿಳಿಯಿತು. ಅದನ್ನು ಸರಿಪಡಿಸಿದ ಮೇಲಷ್ಟೇ ‘ಕ್ವಾರಂಟೈನ್’ಗೆ (ಸ್ಪ್ಯಾಮ್‌ಗೆ ಹಾಕು), ಆಮೇಲೆ ‘ರಿಜೆಕ್ಟ್’ಗೆ ಹೋದೆವು.

ಇನ್ನೊಂದು ಮಾತು. ಆ ನಕಲಿ ಮೇಲ್‌ನ ಪೂರ್ಣ ವಿಳಾಸವನ್ನು ನೋಡಿದ್ದೀರಾ? ಕಾರ್ಯದರ್ಶಿಯವರ ಹೆಸರು ಮಾತ್ರ ಇದ್ದು ವಿಳಾಸ ಬೇರೊಂದು ಜಿಮೇಲ್ ಖಾತೆಯದಾಗಿದ್ದರೆ, ಅಥವಾ ಒಂದಕ್ಷರ ಬದಲಿಸಿದ ಬೇರೆ ಡೊಮೇನ್‌ನದಾಗಿದ್ದರೆ, ನಿಮ್ಮ ಡಿಮಾರ್ಕ್ ಅದನ್ನು ತಡೆಯುವುದಿಲ್ಲ, ಸದಸ್ಯರಿಗೇ ತಿಳಿಸಬೇಕಾಗುತ್ತದೆ.